ಎಂಜಿನ್ ಕೈಕೊಟ್ಟಾಗ

ಎರಡು ಎಂಜಿನ್‌ಗಳ ಪ್ರಯಾಣಿಕ ವಿಮಾನ ಒಂದೇ ಎಂಜಿನ್ನಿನ ಬಲದಲ್ಲಿ ಮೇಲೇರಬಲ್ಲದು, ಹಾರಬಲ್ಲದು, ಇಳಿಯಬಲ್ಲದು. ಇದನ್ನು ಪರೀಕ್ಷೆಯಲ್ಲಿ ತೋರಿಸಿಕೊಡದ ಮಾದರಿಗೆ ಪ್ರಯಾಣಿಕರನ್ನು ಹೊರುವ ಪರವಾನಗಿಯೇ ಸಿಗುವುದಿಲ್ಲ. ಹಾಗಾಗಿ ಹೈದರಾಬಾದಿನಿಂದ ರಾಮದುರ್ಗ, ಸವದತ್ತಿ, ಬೈಲಹೊಂಗಲದ ಸೀಮೆ ದಾಟಿ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಬರುವ ವಿಮಾನದ ಒಂದು ಎಂಜಿನ್ ನಡುದಾರಿಯಲ್ಲಿ ನಿಂತರೂ ಅದು ಎರೆಹೊಲ ಹುಡುಕಬೇಕಾಗಿಲ್ಲ. ಒಂಟಿ ಎಂಜಿನ್ನಿನ ಪುಟ್ಟ ವಿಮಾನದ ಪಾಡು ಬೇರೆ: 2023ರ ಮೇ 30ರಂದು ಸಾಂಬ್ರಾ ಸಮೀಪದ ಹೊನ್ನಿಹಾಳದಲ್ಲಿ ತರಬೇತಿ ವಿಮಾನವೊಂದು ಹೊಲಕ್ಕೇ ಇಳಿಯಬೇಕಾಯಿತು.

ಅತ್ಯಂತ ಬಿಗಿಯಾದ ಗಳಿಗೆ ಟೇಕಾಫ್‌ನದು. ವಿಮಾನದ ತೂಕ, ಬಿಸಿಲು, ಗಾಳಿ, ರನ್‌ವೇ ಉದ್ದ ನೋಡಿ ಪ್ರತಿ ಹಾರಾಟಕ್ಕೂ ‘ವಿ ಒನ್’ ಎಂಬ ವೇಗವನ್ನು ಲೆಕ್ಕ ಹಾಕಿಟ್ಟಿರುತ್ತಾರೆ. ಅದಕ್ಕಿಂತ ಮೊದಲು ಎಂಜಿನ್ ಕೆಟ್ಟರೆ ಬ್ರೇಕ್. ಅದು ದಾಟಿದರೆ ಹಾರಲೇಬೇಕು. ಸಹ ಪೈಲಟ್ ‘ವಿ ಒನ್’ ಎಂದು ಕೂಗುತ್ತಲೇ ಕ್ಯಾಪ್ಟನ್ ಎಂಜಿನ್ ಬಲ ಹತೋಟಿಯಲ್ಲಿಡುವ ಥ್ರಸ್ಟ್ ಲಿವರ್ ಮೇಲಿನ ಕೈ ತೆಗೆಯುತ್ತಾರೆ. ನಿಲ್ಲಿಸುವ ಆಸೆ ಕೈಗೂ ಇರಬಾರದೆಂದೇ ಈ ಕಟ್ಟಳೆ. ಕೆಟ್ಟ ಎಂಜಿನ್ನಿನ ಕಡೆಗೆ ಮೂತಿ ಎಳೆಯುತ್ತದೆ. ಎದುರು ಬದಿಯ ರಡ್ಡರ್ ಪೆಡಲ್ ಒತ್ತಿ ನೇರ ಹಿಡಿಯಬೇಕು. ಕನಿಷ್ಠ 400 ಅಡಿ ಏರುವವರೆಗೆ ಬೇರೆ ಯಾವ ಗುಂಡಿಗೂ ಕೈ ಹಾಕುವುದಿಲ್ಲ.

ಆಮೇಲಿನದೇ ಈ ವಿದ್ಯೆಯ ತಿರುಳು. ಒಬ್ಬರು ವಿಮಾನ ಹಾರಿಸುತ್ತಲೇ ಇರುತ್ತಾರೆ. ಇನ್ನೊಬ್ಬರು ಲಿವರ್ ಮೇಲೆ ಕೈಯಿಟ್ಟು ಅದು ಎಷ್ಟನೆಯ ಎಂಜಿನ್ನಿನದೆಂದು ಹೇಳಿ ಕಾಯುತ್ತಾರೆ. ಮೊದಲನೆಯವರು ಕಣ್ಣಾರೆ ನೋಡಿ ‘ಕನ್ಫರ್ಮ್’ ಎಂದ ಮೇಲೆಯೇ ಅದು ಹಿಂದಕ್ಕೆ ಬರುತ್ತದೆ. ಇಂಧನದ ಸ್ವಿಚ್ಚಿಗೂ, ಬೆಂಕಿಯ ಎಚ್ಚರಿಕೆ ಇದ್ದರೆ ಫೈರ್ ಹ್ಯಾಂಡಲ್‌ಗೂ ಇದೇ ಪದ್ಧತಿ. ಬೆಂಕಿ ನಂದಿಸುವ ಅನಿಲದ ಮೊದಲ ಬಾಟಲಿ ಸಾಲದಿದ್ದರೆ ಸುಮಾರು ಅರ್ಧ ನಿಮಿಷ ನೋಡಿ ಎರಡನೆಯದು.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಕಾಕ್‌ಪಿಟ್‌ನಲ್ಲಿ ಆ ಆತುರಕ್ಕೆ ತೆತ್ತ ಬೆಲೆ ಘೋರವಾದದ್ದು. 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್‌ವರ್ತ್ ಬಳಿ ಬಿದ್ದ ಬೋಯಿಂಗ್ 737ರಲ್ಲಿ ಎಡ ಎಂಜಿನ್ನಿನ ಬ್ಲೇಡ್ ಮುರಿದಿತ್ತು. ಪೈಲಟ್‌ಗಳು ನಿಲ್ಲಿಸಿದ್ದು ಬಲಗಡೆಯದನ್ನು. ಅಷ್ಟರಲ್ಲಿ ವಿಮಾನದೊಳಗಿನ ಹೊಗೆ ಕಡಿಮೆಯಾದ್ದರಿಂದ ಮಾಡಿದ್ದು ಸರಿ ಎಂದೇ ನಂಬಿದರು. 47 ಜನ ಸತ್ತರು. 2015ರ ಫೆಬ್ರುವರಿ 4ರಂದು ತೈಪೆಯಲ್ಲೂ ಸರಿಯಿದ್ದ ಎಂಜಿನ್ನನ್ನೇ ನಿಲ್ಲಿಸಲಾಯಿತು, 43 ಸಾವು. ಅದು ನಮ್ಮ ಊರುಗಳಿಗೂ ಬರುವ ಎಟಿಆರ್ 72 ಮಾದರಿ. ಆ ‘ಕನ್ಫರ್ಮ್’ ಎಂಬ ಒಂದು ಮಾತಿಗೆ ಎಷ್ಟು ಗೌರವ ಕೊಟ್ಟರೂ ಕಡಿಮೆಯೇ.

ಎತ್ತರದಲ್ಲಿ ಹಾರುವಾಗ ಸಮಯ ಹೆಚ್ಚು ಸಿಗುತ್ತದೆ. ಆದರೆ ಒಂದೇ ಎಂಜಿನ್ ಆ ಎತ್ತರವನ್ನು ಕಾಯಲಾರದು. ವಿಮಾನ ನಿಧಾನವಾಗಿ ಕೆಳಗಿನ ಹಂತಕ್ಕೆ ಇಳಿಯುತ್ತದೆ. ಮೊದಲು ಹಾರಾಟ, ಆಮೇಲೆ ದಾರಿ, ಕೊನೆಗೆ ಮಾತು. ಹೀಗಾಗಿ ‘ಮೇಡೇ’ ಎಂಬ ಅಪಾಯದ ಕರೆ ಮೂರು ಸಲ ಕೇಳುವ ಹೊತ್ತಿಗೆ ವಿಮಾನ ಹದಕ್ಕೆ ಬಂದಿರುತ್ತದೆ. ಕಿತ್ತೂರಿನ ಮೇಲಿದ್ದರೆ ಒಂದು ಕಡೆ ಸಾಂಬ್ರಾ, ಇನ್ನೊಂದು ಕಡೆ ಹುಬ್ಬಳ್ಳಿ. ಆಕಾಶದ ದಾರಿಯಲ್ಲಿ ಎರಡೂ 50 ಕಿ.ಮೀ. ಒಳಗೇ. ಆದರೆ ಹತ್ತಿರದ್ದೇ ಯೋಗ್ಯವಾದದ್ದು ಎಂದೇನಿಲ್ಲ. ಮಳೆಗಾಲದಲ್ಲಿ ಸಾಂಬ್ರಾ ಮೋಡದಲ್ಲಿ ಮುಳುಗಿದ್ದರೆ ಸ್ವಲ್ಪ ದೂರದ ಉದ್ದ ರನ್‌ವೇಯೇ ಲೇಸು. ಎ320ಯಂಥ ವಿಮಾನಕ್ಕೆ ಇಂಧನ ಹೊರಚೆಲ್ಲುವ ಏರ್ಪಾಡಿಲ್ಲ. ಬೆಂಕಿ ಇದ್ದರೆ ಭಾರ ಇದ್ದಂತೆಯೇ ಇಳಿಯಬೇಕು.

2024ರ ಮೇ 18ರ ರಾತ್ರಿ ಬೆಂಗಳೂರಿನಿಂದ ಕೊಚ್ಚಿಗೆ ಹೊರಟ ವಿಮಾನದ ಎಂಜಿನ್ನಿಗೆ ಬೆಂಕಿ ತಗುಲಿ ಅದು ಕೆಂಪೇಗೌಡ ನಿಲ್ದಾಣಕ್ಕೇ ಮರಳಿತು. 179 ಪ್ರಯಾಣಿಕರು, 6 ಸಿಬ್ಬಂದಿ ಜಾರುಪಟ್ಟಿಗಳಿಂದ ಹೊರಬಂದರು. ತೆರವಿಗೆ ಮುನ್ನ ಎರಡೂ ಎಂಜಿನ್ ಆರಿಸಿರಬೇಕು. ಗಗನಸಖಿ ಬಾಗಿಲು ತೆರೆಯುವ ಮೊದಲು ಕಿಟಕಿಯಿಂದ ಹೊರಗೆ ನೋಡುತ್ತಾರೆ. ಬೆಂಕಿ ಕಂಡರೆ ಆ ಬಾಗಿಲು ಮುಚ್ಚಿಯೇ ಇರುತ್ತದೆ, ಜನ ಎದುರು ಬದಿಯಿಂದ ಬರಿಗೈಯಲ್ಲಿ ಇಳಿಯುತ್ತಾರೆ.