ಬೊರಿವಲಿ ಕಾಡಿನ ದೂರು

ಕಾರ್ಟೂನ್ ಚಿತ್ರವೆಂದರೆ ಮಕ್ಕಳ ಪಾಲಿನದು ಎಂದು ನಮ್ಮಲ್ಲಿ ಹಲವರ ಎಣಿಕೆ. ಆದರೆ ನಿಖಿಲ್ ಅಡ್ವಾಣಿಯವರ ಹಿಂದಿ ಚಿತ್ರ ‘ದಿಲ್ಲಿ ಸಫಾರಿ’ (2012) ಹಿರಿಯರೂ ಮಕ್ಕಳ ಜೊತೆ ಕುಳಿತು ನೋಡತಕ್ಕದ್ದು. ಅನಿಮೇಷನ್ ಚಿತ್ರಕ್ಕಿರುವ ರಾಷ್ಟ್ರಪ್ರಶಸ್ತಿಯೂ ಇದಕ್ಕೆ ಸಂದಿದೆ.

ಕಥೆ ಆರಂಭವಾಗುವುದು ನಮ್ಮ ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ. ಬುಲ್‌ಡೋಜರುಗಳು ಕಾಡಿಗೆ ನುಗ್ಗುತ್ತವೆ. ಚಿರತೆಮರಿ ಯುವಿ ತಂದೆಯನ್ನು ಕಳೆದುಕೊಳ್ಳುತ್ತಾನೆ. ತಂದೆ ಸುಲ್ತಾನನಿಗೆ ಧ್ವನಿಯಿತ್ತವರು ನಮ್ಮ ಮುಲ್ಕಿಯ ಸುನೀಲ್ ಶೆಟ್ಟಿ. ಮರಿ, ತಾಯಿ, ಕೋತಿ ಬಜರಂಗಿ, ಕರಡಿ ಬಗ್ಗಾ ಎಲ್ಲರೂ ದಿಲ್ಲಿಯ ಪಾರ್ಲಿಮೆಂಟಿಗೆ ದೂರು ಒಯ್ಯಲು ಹೊರಡುತ್ತಾರೆ. ಅಲ್ಲಿ ಮಾತಾಡುವವರು ಯಾರು? ಮನುಷ್ಯರ ಭಾಷೆ ಬಲ್ಲದ್ದು ಸಾಕುಗಿಳಿ ಅಲೆಕ್ಸ್. ಅದಕ್ಕೋ ಯಜಮಾನನ ಮನೆಯ ಸುಖ ಬಿಟ್ಟುಬರಲು ಮನಸ್ಸಿಲ್ಲ.

ಚಿತ್ರದ ತಿರುಳು ಇಲ್ಲಿದೆ. ಹಲ್ಲು ಉಗುರುಗಳಿದ್ದವರಿಗೆ ಧೈರ್ಯ ಸಹಜ. ಸುಖವಾಗಿರುವವನು ಇತರರ ಪರವಾಗಿ ಬಾಯಿ ತೆರೆಯುವುದೇ ಕಷ್ಟ. ಪರಭಾಷೆ ಕಲಿತು ಈ ನಗರದಲ್ಲಿ ನೆಲೆಯೂರಿದ ನಮಗೆ ಈ ಗಿಳಿ ಅಪರಿಚಿತವಲ್ಲ.

ಕೊರತೆಗಳೂ ಇವೆ. ಹಾಡು, ಹಾಸ್ಯ ಅತಿಯಾಗಿ ಪ್ರಯಾಣ ಎಳೆದಂತಾಗಿದೆ. ದಿಲ್ಲಿಗೆ ಹೋದ ಅರ್ಜಿ ಎಷ್ಟು ಮೇಜು ದಾಟಬೇಕೆಂದು ಬಲ್ಲ ನಮ್ಮಂಥ ಗುಮಾಸ್ತರಿಗೆ ಕೊನೆಯ ಪರಿಹಾರ ತೀರ ಸಲೀಸೆನಿಸಿತು.

ಆದರೂ ಚಿತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಸುಮಾರು 104 ಚದರ ಕಿಲೋಮೀಟರಿನ ಆ ಕಾಡನ್ನು ಬೊರಿವಲಿ, ಮುಲುಂಡ್, ಠಾಣೆಗಳ ಕಟ್ಟಡಗಳು ಒತ್ತಿ ನಿಂತಿವೆ. ಅವುಗಳಲ್ಲಿ ವಾಸವಾಗಿರುವವರಲ್ಲಿ ನಾವೂ ಇದ್ದೇವೆ. ಚಿರತೆ ನಮ್ಮಲ್ಲಿಗೆ ಬಂತೋ, ನಾವು ಅದರಲ್ಲಿಗೆ ಹೋದೆವೋ ಎಂದು ಮಕ್ಕಳು ಕೇಳಿದರೆ ನಿಜ ಹೇಳುವುದಕ್ಕೂ ಧೈರ್ಯ ಬೇಕು.