ಬೇಬಾಕಿ ಇಲ್ಲದ ಲೆಕ್ಕ

ಪುಸ್ತಕಕ್ಕೆ ವಿಮರ್ಶೆ ಬರೀತಾರೆ, ಸಿನಿಮಾಗೆ ಬರೀತಾರೆ. ನಾನಿವತ್ತು ನನ್ನ ಕ್ರೆಡಿಟ್ ರಿಪೋರ್ಟಿಗೆ ಬರೀತಿದ್ದೀನಿ. ಕಳೆದ ವರ್ಷ ನಾನು ಅತಿ ಹೆಚ್ಚು ಸಲ ಓದಿದ ಬರಹ ಅದೇ. ಅಷ್ಟೂ ಪುಟಗಳಲ್ಲಿ ನನ್ನ ನಿದ್ದೆ ಕೆಡಿಸಿದ್ದು ಒಂದೇ ಪದ: ಸೆಟಲ್ಡ್.

ಬಿಇ ಮುಗಿಸಿ ಮೊದಲ ಕೆಲಸಕ್ಕೆ ಸೇರಿದಾಗ ಸಂಬಳದ ಖಾತೆಯ ಜೊತೆಗೇ ಒಂದು ಕ್ರೆಡಿಟ್ ಕಾರ್ಡೂ ಕೈಗೆ ಬಂತು. 'ಫ್ರೀ' ಅಂದರು. ಮೊದಲ ವರ್ಷ ಮಾತ್ರ ಫ್ರೀ ಅನ್ನೋದನ್ನ ನಾನು ಓದಲಿಲ್ಲ. ಎರಡು ಸಲ ಉಜ್ಜಿ, ಬಿಲ್ ಕಟ್ಟಿ, ಕತ್ತರಿಯಲ್ಲಿ ತುಂಡು ಮಾಡಿ ಬಿಸಾಡಿದೆ. ಕಾರ್ಡ್ ಹೋದರೆ ಖಾತೆಯೂ ಹೋಯಿತು ಅಂದುಕೊಂಡಿದ್ದೆ. ಆಮೇಲೆ ಕಂಪನಿ, ರೂಮು, ಸಿಮ್ಮು ಎಲ್ಲಾ ಬದಲಾದವು. ಅತ್ತ ವಾರ್ಷಿಕ ಶುಲ್ಕ, ಅದಕ್ಕೆ ಬಡ್ಡಿ, ಕಟ್ಟದ್ದಕ್ಕೆ ದಂಡ, ಮೇಲೆ ತೆರಿಗೆ ಅಂತ ಲೆಕ್ಕ ಬೆಳೀತಾನೇ ಇತ್ತು. ಮೂರು ವರ್ಷದ ನಂತರ ವಸೂಲಿಯವನೊಬ್ಬ ಫೋನ್ ಮಾಡಿದ. “ಹದಿನೆಂಟು ಸಾವಿರ ಇದೆ ಸರ್. ಏಳು ಸಾವಿರ ಕಟ್ಬಿಡಿ, ಸೆಟಲ್ ಮಾಡಿ ಮುಗಿಸ್ತೀವಿ.” ಕಟ್ಟಿದೆ. ಪೀಡೆ ತೊಲಗಿತು ಅಂತ ಖುಷಿಪಟ್ಟೆ.

ಏನೂ ಮುಗಿದಿರಲಿಲ್ಲ ಅಂತ ಗೊತ್ತಾಗಿದ್ದು ಮನೆ ಸಾಲಕ್ಕೆ ಅರ್ಜಿ ಹಾಕಿದಾಗ.

ಈ ರಿಪೋರ್ಟಿನಲ್ಲಿ ಮೂರು ಪದಗಳಿವೆ. ಮೂರೂ 'ಮುಗೀತು' ಅಂತಲೇ ಕೇಳಿಸುತ್ತವೆ. 'ಕ್ಲೋಸ್ಡ್' ಅಂದರೆ ಬಾಕಿಯಿಲ್ಲದೆ ಮುಚ್ಚಿದ ಖಾತೆ. 'ಸೆಟಲ್ಡ್' ಅಂದರೆ ಬರಬೇಕಾದ್ದಕ್ಕಿಂತ ಕಡಿಮೆ ತಗೊಂಡು ಬ್ಯಾಂಕ್ ಕೈತೊಳೆದುಕೊಂಡಿದೆ ಅಂತ. ಮುಂದೆ ಸಾಲ ಕೊಡುವವರು ಅದನ್ನು 'ಇವನು ಪೂರ್ತಿ ಕಟ್ಟಿಲ್ಲ' ಅಂತ ಓದುತ್ತಾರೆ. ಮೂರನೆಯದು 'ರಿಟನ್ ಆಫ್'. ಕನ್ನಡದಲ್ಲಿ ನಾವು ಸಲೀಸಾಗಿ ಇದನ್ನು 'ಮನ್ನಾ' ಅಂದುಬಿಡುತ್ತೇವೆ. ಅಲ್ಲೇ ಎಡವೋದು.

ನಮ್ಮೂರಲ್ಲಿ ಮನ್ನಾ ಅಂದರೇನು ಅಂತ ಎಲ್ಲರಿಗೂ ಗೊತ್ತು. 2017ರಲ್ಲಿ ರಾಜ್ಯ ಸರ್ಕಾರ ಸಹಕಾರ ಸಂಘಗಳ ಬೆಳೆ ಸಾಲದಲ್ಲಿ 50,000 ರೂಪಾಯಿವರೆಗೆ ಮನ್ನಾ ಮಾಡಿತು. ಅಷ್ಟರ ಹೊಣೆಯನ್ನು ಸರ್ಕಾರವೇ ಹೊತ್ತಿತು, ರೈತ ಕಟ್ಟಬೇಕಿರಲಿಲ್ಲ. ರೈಟ್ ಆಫ್ ಹಾಗಲ್ಲ. 90 ದಿನ ಮೀರಿ ಬಾಕಿ ಉಳಿದ ಸಾಲ ಎನ್‌ಪಿಎ ಆಗುತ್ತದೆ. ಆಮೇಲೆ ಅದನ್ನು ಬ್ಯಾಂಕ್ ತನ್ನ ಲೆಕ್ಕಪತ್ರದಿಂದ ತೆಗೆಯಬಹುದು, ಆದರೆ ನಿಮ್ಮ ತಲೆಯಿಂದ ತೆಗೆಯುವುದಿಲ್ಲ. 2023ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯೂ ಇದನ್ನೇ ಹೇಳುತ್ತದೆ: ತಾಂತ್ರಿಕ ರೈಟ್ ಆಫ್ ಬರೀ ಲೆಕ್ಕಕ್ಕೋಸ್ಕರ, ವಸೂಲಿಯ ಹಕ್ಕು ಹಾಗೇ ಇರುತ್ತದೆ. ನಮ್ಮ ಭಾಷೆಯಲ್ಲಿ ಇದು ಸಾಫ್ಟ್ ಡಿಲೀಟ್. ಸ್ಕ್ರೀನ್ ಮೇಲೆ ಕಾಣಲ್ಲ, ಟೇಬಲ್‌ನಲ್ಲಿ ಸಾಲು ಕೂತೇ ಇರುತ್ತೆ.

ನನ್ನ ತಕರಾರು ಇರೋದು ಇಲ್ಲೇ. ಈ ಪದಗಳನ್ನು ಇಟ್ಟಿರೋದು ಬ್ಯಾಂಕಿನ ಕಡೆ ಕೂತು. ಅವರ ಲೆಕ್ಕ ಮುಗಿದರೆ ಅವರಿಗೆ 'ಸೆಟಲ್ಡ್'. ಸಾಲಗಾರನಿಗೆ ಬೇಕಾದ ಉತ್ತರ ಒಂದೇ: ಇನ್ನೂ ಬಾಕಿ ಇದೆಯೋ, ಇಲ್ಲವೋ? ಅದನ್ನು ಯಾವ ಪದವೂ ನೇರವಾಗಿ ಹೇಳುವುದಿಲ್ಲ.

ನಿಯಮಗಳೇ ಇಲ್ಲ ಅಂತಲ್ಲ. 2022ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಕಾರ್ಡ್ ಮುಚ್ಚಿ ಅಂತ ಕೇಳಿದರೆ 7 ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ನಮಗೆ ಕೊಡಬೇಕು. ವರ್ಷಕ್ಕಿಂತ ಹೆಚ್ಚು ಕಾಲ ಬಳಸದ ಕಾರ್ಡಾದರೆ ನಮಗೆ ತಿಳಿಸಿ, 30 ದಿನದಲ್ಲಿ ಉತ್ತರ ಬರದಿದ್ದರೆ ಅವರೇ ಮುಚ್ಚಬೇಕು. ಚೆನ್ನಾಗಿದೆ. ಆದರೆ ಎಲ್ಲಕ್ಕೂ ಒಂದು ಬಾಲ ಇದೆ: ಬಾಕಿ ಪೂರ್ತಿ ಕಟ್ಟಿರಬೇಕು. ಬಳಸದ ಕಾರ್ಡಿಗೆ ವಾರ್ಷಿಕ ಶುಲ್ಕ ಬಿದ್ದರೆ ಅದೇ ಬಾಕಿ! ನನ್ನಂಥ ಮರೆಗುಳಿಗೆ ಬೇಕಿದ್ದ ರಕ್ಷಣೆ ನನ್ನಂಥವನಿಗೇ ಸಿಗುವುದಿಲ್ಲ.

ತಪ್ಪು ನನ್ನದೂ ಇದೆ. ಊರಿಗೆ ಹೋದಾಗ ಅಪ್ಪನ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ಅವರು ಕೇಳಿದ್ದು ಒಂದೇ ಮಾತು: “ದುಡ್ ಕಟ್ದೆ ಸರಿ, ಬೇಬಾಕಿ ಈಸ್ಕೊಂಡ್ಯೇನೋ?”

ಸೊಸೈಟಿ ಸಾಲ ತೀರಿಸಿದ ಪ್ರತಿ ಸಲವೂ ಅಪ್ಪ ಬೇಬಾಕಿ ಪತ್ರ ತಗೊಳ್ಳದೆ ಎದ್ದು ಬಂದವರಲ್ಲ. ಕಾರ್ಯದರ್ಶಿ ಊಟಕ್ಕೆ ಹೋಗಿದ್ದರೆ ಕಟ್ಟೆ ಮೇಲೆ ಕಾದು ಕೂರೋರು. ಎಂಟನೇ ಕ್ಲಾಸ್ ಓದಿದ ಮನುಷ್ಯನಿಗೆ ಗೊತ್ತಿದ್ದದ್ದು ದಿನಾ ಡೇಟಾಬೇಸ್ ನೋಡೋ ನನಗೆ ಹೊಳೆದಿರಲಿಲ್ಲ. ಬೇಬಾಕಿ. ಬಾಕಿ ಇಲ್ಲ. ಇಡೀ ರಿಪೋರ್ಟಿನಲ್ಲಿ ಇಲ್ಲದ ಪದ ಅದು.

ಕೊನೆಗೆ ಬ್ಯಾಂಕಿಗೆ ಪತ್ರ ಬರೆದು, ಅವತ್ತು ಬಿಟ್ಟ ಹನ್ನೊಂದು ಸಾವಿರವನ್ನೂ ಕಟ್ಟಿ, ಬಾಕಿಯಿಲ್ಲ ಅಂತ ಲಿಖಿತವಾಗಿ ತಗೊಂಡೆ. ರಿಪೋರ್ಟಿನಲ್ಲಿ 'ಕ್ಲೋಸ್ಡ್' ಅಂತ ಬರುವಷ್ಟರಲ್ಲಿ ನಾವು ನೋಡಿದ್ದ ಮನೆ ಬೇರೆಯವರ ಪಾಲಾಗಿತ್ತು.

ನಿಮ್ಮ ಡ್ರಾಯರ್‌ನಲ್ಲೂ ಅಂಥ ಕಾರ್ಡ್ ಇದ್ದರೆ ಕತ್ತರಿ ಹುಡುಕಬೇಡಿ. ಬಾಕಿ ತೀರಿಸಿ, ಮುಚ್ಚಲು ಬರೆದು ಕೇಳಿ, ಪತ್ರ ಇಟ್ಟುಕೊಳ್ಳಿ. ಸಿಬಿಲ್ ಸೇರಿ ನಾಲ್ಕು ಕಂಪನಿಗಳೂ ವರ್ಷಕ್ಕೊಂದು ರಿಪೋರ್ಟ್ ಪುಕ್ಕಟೆ ಕೊಡಲೇಬೇಕು. ತರಿಸಿ ನೋಡಿ. ತಪ್ಪಿದ್ದರೆ ದೂರು ಕೊಡಿ. 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರದ ನಿಯಮ ಇದೆ.

ಸೆಟಲ್ ಮಾಡ್ತೀವಿ ಅಂತ ಯಾರಾದರೂ ಫೋನ್ ಮಾಡಿದರೆ ಮೊದಲು ಅಪ್ಪನ ಪ್ರಶ್ನೆ ಕೇಳಿ: ಬೇಬಾಕಿ ಕೊಡ್ತೀರಾ?