ಮೋಗೆನ್ಸ್ ಸ್ಕೌ ನಡೆಸಿದ ಪರೀಕ್ಷೆ

ಲಿಥಿಯಂ ಉನ್ಮಾದವನ್ನು ತಗ್ಗಿಸುತ್ತದೆಂದು 1949ರಲ್ಲಿ ಬರೆದವರು ಆಸ್ಟ್ರೇಲಿಯಾದ ಜಾನ್ ಕೇಡ್. ಆ ಲವಣವನ್ನು ನೆಚ್ಚಬಹುದಾದ ಔಷಧವನ್ನಾಗಿ ಮಾಡಲು ಬದುಕನ್ನೇ ಮುಡಿಪಿಟ್ಟವರು ಡೆನ್ಮಾರ್ಕಿನ ಮನೋವೈದ್ಯ ಮೋಗೆನ್ಸ್ ಸ್ಕೌ. ಅವರ ತಮ್ಮನಿಗೇ ಖಿನ್ನತೆ ಮತ್ತೆ ಮತ್ತೆ ಬರುತ್ತಿತ್ತು. ಲಿಥಿಯಂ ಆತನಿಗೆ ನೆಮ್ಮದಿಯ ವರ್ಷಗಳನ್ನು ಕೊಟ್ಟಿತು.

ಉನ್ಮಾದ, ಖಿನ್ನತೆಯ ಕಾಯಿಲೆ ಮರುಕಳಿಸದಂತೆ ಲಿಥಿಯಂ ತಡೆಯುತ್ತದೆಂದು ಸ್ಕೌ ಮತ್ತು ಅವರ ಸಹಸಂಶೋಧಕ ಬಾಸ್ಟ್ರುಪ್ 1967ರಲ್ಲಿ ಹೇಳಿದರು; ಮರುವರ್ಷವೇ ಬ್ರಿಟನ್ನಿನ ವಿಮರ್ಶಕರು ಅದನ್ನು ಭ್ರಮೆಯೆಂದು ಶಂಕಿಸಿದರು. ಸಾಬೀತು ಮಾಡಬೇಕೆಂದರೆ ಲಿಥಿಯಂನಿಂದ ಗುಣವಾಗಿರುವವರಲ್ಲಿ ಕೆಲವರ ಔಷಧ ನಿಲ್ಲಿಸಬೇಕು. ಎಂಥ ಧರ್ಮಸಂಕಟ! ಸ್ಕೌ ಮತ್ತು ಸಂಗಡಿಗರು ಕಂಡುಕೊಂಡ ದಾರಿ ನನಗೆ ಅಪಾರ ಗೌರವ ಹುಟ್ಟಿಸುತ್ತದೆ. ಯಾರಿಗೆ ಲಿಥಿಯಂ, ಯಾರಿಗೆ ಹುಸಿಗುಳಿಗೆ ಎಂಬುದು ರೋಗಿಗೂ ವೈದ್ಯರಿಗೂ ತಿಳಿಯದು. ಕಾಯಿಲೆ ಮರಳಿದವರನ್ನು ಕೂಡಲೇ ಪರೀಕ್ಷೆಯಿಂದ ಹೊರತಂದು ಚಿಕಿತ್ಸೆ ಕೊಡುವುದು. ಉತ್ತರ ಖಚಿತವಾದ ಕ್ಷಣವೇ ಎಲ್ಲವನ್ನೂ ನಿಲ್ಲಿಸುವುದು. 1970ರಲ್ಲಿ ಪ್ರಕಟವಾದ ಫಲಿತಾಂಶ: ಹುಸಿಗುಳಿಗೆ ಪಡೆದ 39 ಮಂದಿಯಲ್ಲಿ 21 ಮಂದಿಗೆ ಕಾಯಿಲೆ ಮರಳಿತ್ತು, ಲಿಥಿಯಂ ಪಡೆದ 45 ಮಂದಿಯಲ್ಲಿ ಒಬ್ಬರಿಗೂ ಇಲ್ಲ.

ಆದರೂ ಸ್ಕೌ ಲಿಥಿಯಂ ಅನ್ನು ಸಂಜೀವಿನಿ ಎಂದು ಮಾರಲಿಲ್ಲ. ರಕ್ತದಲ್ಲಿ ಲಿಥಿಯಂ ಸ್ವಲ್ಪ ಹೆಚ್ಚಾದರೂ ವಿಷ. ಮಟ್ಟವನ್ನು ಅಳೆಯುತ್ತಲೇ ಔಷಧ ಕೊಡಬೇಕೆಂದು 2005ರಲ್ಲಿ ತೀರಿಕೊಳ್ಳುವವರೆಗೂ ಬರೆಯುತ್ತಲೇ, ಕಲಿಸುತ್ತಲೇ ಇದ್ದರು.